ಜಾಮೀನಿಗೆ ಸಹಿ ಹಾಕುವ ಊರು

ಮೊದಲು ಬೆಲೆ ಹೇಳಿಬಿಡುತ್ತೇನೆ. ಬೆಲೆಯನ್ನು ಕೊನೆಗೆ ಹೇಳುವವನ ಹತ್ತಿರ ನಾನು ಯಾವತ್ತೂ ವ್ಯಾಪಾರ ಮಾಡಿದವನಲ್ಲ. ಒಂದೇ ಹಾಳೆಯ ಒಂದು ಅರ್ಜಿಗೆ ನಾನು ತೆತ್ತದ್ದು ನನ್ನ ಯಜಮಾನರ ಕಚೇರಿಯನ್ನು. ತಿಪಟೂರಿನ ಕೋರ್ಟಿಗೆ ಕೂಗಳತೆಯ ದೂರದಲ್ಲಿ, ಮಹಡಿ ಮೇಲಿನ ಒಂದು ಕೋಣೆ. ಅಲ್ಲಿ ವಕೀಲ ನಂಜುಂಡಯ್ಯನವರಿಗೆ ನಾನು ಗುಮಾಸ್ತ. ಮೀಸೆ ಮೂಡುವ ವಯಸ್ಸಿನಲ್ಲಿ ಒಳಗೆ ಹೋದವನು ತಲೆ ನರೆತ ಮೇಲೆ ಹೊರಗೆ ಬಂದೆ. ಬಂದದ್ದೇಕೆಂದರೆ, ಪಿಸ್ತೂಲು ಇಟ್ಟುಕೊಂಡು ಓಡಾಡುತ್ತಿದ್ದ ನಮ್ಮ ಕಕ್ಷಿದಾರನಿಗೆ ಜಾಮೀನು ನಿಂತವನ ಹತ್ತಿರ ಹೋಗಿ, ‘ನೀನು ಹಿಂದಕ್ಕೆ ಸರಿಯಬಹುದು, ಕಾನೂನಿನಲ್ಲಿ ಅದಕ್ಕೆ ದಾರಿಯಿದೆ’ ಎಂದು ಹೇಳಿದ್ದಕ್ಕೆ.

ಆ ಕೋಣೆ ಈಗ ಮೊಬೈಲ್ ರಿಪೇರಿ ಅಂಗಡಿ. ಸಂತೆಗೆ ಹೋಗುವಾಗ ಆ ಬೀದಿ ಬಳಸಬೇಕಾದ ಅಗತ್ಯವಿಲ್ಲ, ಆದರೂ ಬಳಸುತ್ತೇನೆ. ಯಜಮಾನರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ‘ಬರ್ಕೊ ಸಿದ್ದಪ್ಪ’ ಎನ್ನುತ್ತಿದ್ದ ದನಿ ಮೆಟ್ಟಿಲ ಹತ್ತಿರ ಬಂದಾಗ ಒಂದು ಸಲ ಕೇಳಿದಂತಾಗುತ್ತದೆ. ಮುಂದಿನ ಹೆಜ್ಜೆಗೆ ರಿಂಗ್‌ಟೋನು.

ಹೊಸದಾಗಿ ಗುಮಾಸ್ತಿಕೆಗೆ ಸೇರುವ ಹುಡುಗ ಹುಡುಗಿಯರು ಕೆಲವರು ಮನೆಗೆ ಬಂದು, ‘ಕೆಲಸ ಹೆಂಗಿರುತ್ತೆ ಸಾರ್’ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದವನಲ್ಲ. ಶೆಟ್ಟಿಕೆರೆ ಕಡೆಯವನು; ನಮ್ಮಪ್ಪ ಕಂಡವರ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ. ಚೌಕಾಸಿ ಕಲಿತದ್ದು ಕಾಯಿ ರಾಶಿಯ ಪಕ್ಕದಲ್ಲಿ. ಎದುರಿನವನಿಗೆ ಏನು ಬೇಕು ಎಂಬುದನ್ನು ಅವನ ಬಾಯಿಂದ ಕೇಳಬಾರದು, ಅವನ ಕಣ್ಣು ಎಲ್ಲಿಗೆ ಹೋಗುತ್ತದೆ ನೋಡಬೇಕು. ಈ ಒಂದು ಪಾಠದ ಮೇಲೆ ಜೀವನ ಸಾಗಿಸಿದೆ.

ಹೊರಗಿನವರಿಗೆ ಗುಮಾಸ್ತನೆಂದರೆ ಫೈಲು ಹೊರುವವನು. ನಿಜವಾದ ಕೆಲಸ ಬೇರೆ: ಜಾಮೀನುದಾರರನ್ನು ಹಿಡಿದು ತರುವುದು. ಒಳಗಿರುವವನಿಗೆ ಕೋರ್ಟು ಜಾಮೀನು ಕೊಟ್ಟಿತು ಅಂದರೆ ಅವನು ಆ ಕೂಡಲೇ ಬಂದುಬಿಡುವುದಿಲ್ಲ. ಪಹಣಿಯಲ್ಲಿ ತೋಟವೋ ಹೊಲವೋ ಇರುವ ಒಬ್ಬರು ಅಥವಾ ಇಬ್ಬರು ಬಂದು, ‘ಇವನನ್ನು ನಾನು ಬಲ್ಲೆ, ಹೇಳಿದ ದಿನ ಕೋರ್ಟಿಗೆ ಬರುತ್ತಾನೆ, ಬರದಿದ್ದರೆ ನಾನು ಜವಾಬ್ದಾರ’ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಜಡ್ಜು ಅವರ ಮುಖ ನೋಡಿ ಒಂದೆರಡು ಪ್ರಶ್ನೆ ಕೇಳುತ್ತಾರೆ. ಆಮೇಲೆ ಜೈಲಿಗೆ ಕಾಗದ ಹೋಗುತ್ತದೆ, ಬಾಗಿಲು ತೆರೆಯುತ್ತದೆ.

ನಮ್ಮ ಕಡೆ ಈ ಸಹಿ ಹಾಕುವುದು ಒಂದು ನಂಟಸ್ತಿಕೆ. ಮದುವೆಗೆ ಕರೆದರೆ ಹೋಗುವಂತೆ, ಸತ್ತರೆ ಮಣ್ಣಿಗೆ ಹೋಗುವಂತೆ, ಜಾಮೀನಿಗೆ ಕರೆದರೆ ಪಹಣಿ ಹಿಡಿದುಕೊಂಡು ಹೋಗುವುದು. ಯಾಕೆ, ಏನು, ಯಾವ ಕೇಸು ಎಂದು ಕೇಳುವುದು ಮರ್ಯಾದೆಯಲ್ಲ. ತುರುವೇಕೆರೆ ಕಡೆಯ ಒಬ್ಬ ಹಿರಿಯರಿಗೆ, ‘ಏನು ಕೇಸು ಅಂತ ಓದಿ ಹೇಳ್ಲಾ’ ಎಂದಾಗ ಅವರಿಗೆ ಕೋಪ ಬಂದಿತ್ತು. ಕೇಳಿಸಿಕೊಂಡು ಸಹಿ ಹಾಕುವುದಾದರೆ ತಾನು ಬಂದದ್ದೇಕೆ ಎಂಬುದು ಅವರ ವಾದ.

ಈ ಕೆಲಸದಲ್ಲಿ ನಾನು ಮೊದಲು ಎಡವಿದ್ದು ಕೊಬ್ಬರಿ ಹರಾಜಿನ ದಿನ. ಕಾಯಿ ಜಗಳದಲ್ಲಿ ಯಾರದೋ ತಲೆ ಒಡೆದಿದ್ದ ಹುಡುಗನೊಬ್ಬನಿಗೆ ಅವನ ಚಿಕ್ಕಪ್ಪನನ್ನು ಜಾಮೀನಿಗೆ ಕರೆತಂದು ಕೋರ್ಟಿನ ಜಗಲಿ ಮೇಲೆ ಕೂರಿಸಿದ್ದೆ. ಅಷ್ಟರಲ್ಲಿ ಯಾರೋ ಬಂದು, ಇವತ್ತು ರೇಟು ಏರಿದೆ ಅಂದರು. ಆತನ ಕೊಬ್ಬರಿಯೂ ಮಾರುಕಟ್ಟೆ ಯಾರ್ಡಿನಲ್ಲಿ ಬಿದ್ದಿತ್ತು. ಒಳಗೆ ಜಡ್ಜು ಹೆಸರು ಕೂಗಿಸಿದಾಗ ಜಗಲಿಯ ಮೇಲೆ ಬರೀ ಟವೆಲ್ಲು. ಮರುದಿನದಿಂದ ಕೋರ್ಟಿಗೆ ರಜೆಯ ಸಾಲು. ಹುಡುಗ ರಜೆ ಮುಗಿಯುವ ತನಕ ಒಳಗೇ ಉಳಿದ. ಯಜಮಾನರು ನನ್ನನ್ನು ಬೈಯಲಿಲ್ಲ. ಹರಾಜಿನ ದಿನ ತಿಪಟೂರು ತಾಲ್ಲೂಕಿನಲ್ಲಿ ಜಾಮೀನುದಾರ ಎಂಬ ಪ್ರಾಣಿ ಇರುವುದಿಲ್ಲ, ಇದನ್ನು ಯಾವ ಕಾನೂನು ಪುಸ್ತಕದಲ್ಲೂ ಬರೆದಿಲ್ಲ, ನೀನು ಬರೆದುಕೋ ಎಂದರು. ಅಂದಿನಿಂದ ನಾನು ಪಂಚಾಂಗ ನೋಡುವ ಮೊದಲು ಹರಾಜಿನ ವಾರ ನೋಡುತ್ತಿದ್ದೆ.

ಯಜಮಾನರ ರೀತಿಯೇ ಹಾಗೆ. ಬೆಳಿಗ್ಗೆ ಬಂದ ಕೂಡಲೇ ಟೈಪ್‌ರೈಟರಿನ ಮೇಲೆ ಒಂದು ಹೂವಿಟ್ಟು ಕೈ ಮುಗಿಯುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಹೂವು ಅದರ ತಲೆ ಮೇಲೆ ಹೋಯಿತು. ಮೊದಲೆಲ್ಲ ಒಂದು ಡೇಟು ತಿಳಿಯಲು ಬೆಂಚ್ ಕ್ಲರ್ಕನ ಮುಂದೆ ಹಲ್ಲು ಕಿರಿಯಬೇಕಿತ್ತು. ಪಹಣಿಗೆ ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯಬೇಕಿತ್ತು. ಈಗ ಎರಡೂ ಅಂಗೈಯಲ್ಲಿ ಕಾಣುತ್ತವೆ. ಕಾನೂನಿನ ಹೆಸರು, ಸೆಕ್ಷನ್ ನಂಬರುಗಳೂ ಬದಲಾಗಿವೆ. ಕೆಲಸ ಹಗುರವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಾಯುವಿಕೆಯಲ್ಲಿ ನಾಲ್ಕು ಜನರ ಮಾತು ಕಿವಿಗೆ ಬೀಳುತ್ತಿತ್ತು. ಯಾರು ಯಾರಿಗೆ ಏನಾಗಬೇಕು, ಯಾರ ಹುಡುಗ ಕೆಟ್ಟ, ಯಾರ ಮನೆ ಒಡೆಯಿತು, ಎಲ್ಲ ಗೊತ್ತಾಗುತ್ತಿತ್ತು. ಕೋರ್ಟಿನಲ್ಲಿ ಯಜಮಾನರು ಸಾಕ್ಷಿಗೆ ಪಾಟೀ ಸವಾಲು ಹಾಕುವಾಗ ನಾನು ಅವರ ಎಡಗಡೆ ಅರ್ಧ ಹೆಜ್ಜೆ ಹಿಂದೆ ನಿಲ್ಲುತ್ತಿದ್ದೆ. ಕೇಳಬಾರದ ಪ್ರಶ್ನೆಯ ಹತ್ತಿರ ಅವರು ಬಂದರೆ ಸಣ್ಣಗೆ ಕೆಮ್ಮುತ್ತಿದ್ದೆ. ಅವರು ಬೇರೆ ದಾರಿ ಹಿಡಿಯುತ್ತಿದ್ದರು. ನಮ್ಮಿಬ್ಬರ ನಡುವೆ ಇದರ ಬಗ್ಗೆ ಒಂದು ದಿನವೂ ಮಾತಾಗಿರಲಿಲ್ಲ.

ಈಗ ಪಿಸ್ತೂಲಿನ ವಿಷಯ.

ನಮ್ಮ ಕಾಲದಲ್ಲಿ ಬಂದೂಕು ಇರುತ್ತಿದ್ದದ್ದು ತೋಟದಲ್ಲಿ. ಹಂದಿ ಕಾಯಲು ಲೈಸೆನ್ಸಿನ ನಳಿಗೆ ಬಂದೂಕು. ಚುನಾವಣೆ ಬಂದರೆ ಎಲ್ಲರೂ ಅದನ್ನು ಮದುಮಗನಂತೆ ಹೆಗಲಿಗೇರಿಸಿಕೊಂಡು ಹೋಗಿ ಠಾಣೆಯಲ್ಲಿ ಒಪ್ಪಿಸಿ ಬರುತ್ತಿದ್ದರು. ಯಾರ ಮನೆಯಲ್ಲಿ ಬಂದೂಕಿದೆ ಎಂದು ಊರಿಗೆಲ್ಲ ಗೊತ್ತಿತ್ತು. ಪೇಟೆಯೊಳಗೆ, ಅಂಗಿಯ ಕೆಳಗೆ, ಸೊಂಟದಲ್ಲಿ ಸಿಕ್ಕಿಸಿಕೊಂಡು ತಿರುಗುವ ಪಿಸ್ತೂಲು ಬಂದದ್ದು ಸೈಟುಗಳ ರೇಟು ಏರಿದ ಮೇಲೆ. ತಂದವರಲ್ಲಿ ಒಬ್ಬ ಮಂಜ.

ಮಂಜ ಒಳ್ಳೆಯ ಮನೆಯ ಹುಡುಗ. ಅವನ ತಂದೆ ಶಿವಲಿಂಗಪ್ಪ ಕೊಬ್ಬರಿ ಮಂಡಿ ಇಟ್ಟಿದ್ದವರು, ತೀರಿಕೊಂಡಿದ್ದರು. ಮಗ ಮಂಡಿ ಮುಚ್ಚಿ ಸೈಟು ವ್ಯವಹಾರಕ್ಕೆ ಇಳಿದ. ಒಂದು ಸಂಜೆ ಬೈಪಾಸಿನ ಬಾರಿನ ಮುಂದೆ ಯಾರ ಮೇಲೋ ಸಿಟ್ಟಾಗಿ ನಾಡ ಪಿಸ್ತೂಲು ತೆಗೆದು ಮೇಲಕ್ಕೆ ಹಾರಿಸಿದ. ಗುಂಡು ಬಾರಿನ ಬೋರ್ಡಿಗೆ ಹೊಕ್ಕಿತು. ಸುತ್ತಲಿನವರು ಪಟಾಕಿ ಎಂದುಕೊಂಡರು. ಪೊಲೀಸರು ಹಿಡಿದರು, ಅವನ ಸೋದರಮಾವ ನಮ್ಮ ಕಚೇರಿಗೆ ಬಂದ, ಜಾಮೀನಾಯಿತು. ಜಾಮೀನುದಾರ ಒಬ್ಬ ಆ ಸೋದರಮಾವ. ಇನ್ನೊಬ್ಬ, ಅರಳಗುಪ್ಪೆ ಹತ್ತಿರ ತೋಟವಿದ್ದ ನನ್ನ ಗೆಳೆಯ ಗಂಗಾಧರಪ್ಪ. ಅವನೂ ಕೊಬ್ಬರಿ ವ್ಯಾಪಾರಿ. ಶಿವಲಿಂಗಪ್ಪನವರ ಮಗ ಎಂಬ ಒಂದು ಮಾತಿಗೆ ಪಹಣಿ ಮಡಿಚಿ ಜೇಬಿನಲ್ಲಿಟ್ಟುಕೊಂಡು ಬಂದ. ಸಹಿ ಹಾಕಿದ ಮೇಲೆ ನಾವಿಬ್ಬರೂ ಹೋಗಿ ತಟ್ಟೆ ಇಡ್ಲಿ ತಿಂದೆವು. ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅಂಥ ಸಹಿಗಳನ್ನು ನಾನು ತೆಂಗಿನ ಗರಿ ಹೆಣೆದಂತೆ ಹೆಣೆದವನು.

ಆ ಕೇಸು ನಡೆಯುತ್ತಿರುವಾಗಲೇ ಮಂಜ ಎರಡನೇ ಸಲ ಗುಂಡು ಹಾರಿಸಿದ. ಈ ಸಲ ಹಗಲು, ಯಾರ್ಡಿನ ರಸ್ತೆ. ಲಗೇಜ್ ಆಟೋದ ರಂಗಸ್ವಾಮಿ ಕೊಬ್ಬರಿ ಚೀಲ ಇಳಿಸಬೇಕಿತ್ತು. ಮಂಜನ ಕಾರು ಅಡ್ಡ ನಿಂತಿತ್ತು. ಸ್ವಲ್ಪ ಮುಂದಕ್ಕೆ ತಗೊಳ್ಳಪ್ಪ ಎಂದದ್ದಕ್ಕೆ ಮಾತು ಬೆಳೆಯಿತು. ಗುಂಡು ರಂಗಸ್ವಾಮಿಯ ಬಲ ಮಂಡಿಗೆ ಬಿತ್ತು.

ಊರು ಹೊತ್ತಿಕೊಂಡಿತು. ಅಂಗಡಿಗಳು ಮುಚ್ಚಿದವು, ತಹಸೀಲ್ದಾರರಿಗೆ ಮನವಿ ಹೋಯಿತು. ಈ ಕೇಸೂ ನಮ್ಮ ಯಜಮಾನರ ಹತ್ತಿರವೇ ಬಂತು. ಮಂಜ ಕೆಲವು ತಿಂಗಳು ಒಳಗಿದ್ದು, ದೊಡ್ಡ ಕೋರ್ಟಿನಲ್ಲಿ ಈ ಕೇಸಿಗೂ ಜಾಮೀನು ಪಡೆದು ಬಂದಾಗ ಬೆಂಕಿ ಇನ್ನೂ ಹೆಚ್ಚಾಯಿತು. ಹೋಟೆಲಿನಲ್ಲಿ ಕೂತರೆ ಇದೇ ಮಾತು: ಕಾನೂನು ಸತ್ತಿದೆ, ಹಿಡಿಯುವವರು ಹಿಡಿದರೆ ಬಿಡುವವರು ಬಿಡುತ್ತಾರೆ, ಇಂಥವನ ಕಾಲಿಗೆ ಪೊಲೀಸರೇ ಹೊಡೆಯಬೇಕಿತ್ತು. ಜಾಮೀನು ರದ್ದು ಮಾಡಿ ಎಂದು ಸರ್ಕಾರದ ಕಡೆಯಿಂದ ಅರ್ಜಿ ಹೋಗಿತ್ತು, ಅದಕ್ಕೆ ಡೇಟಿನ ಮೇಲೆ ಡೇಟು. ನಾನು ಕಾಫಿ ಕುಡಿಯುತ್ತಾ ಆ ಮುಖಗಳನ್ನು ನೋಡುತ್ತಿದ್ದೆ. ಜೋರಾಗಿ ಕೂಗುತ್ತಿದ್ದವರಲ್ಲಿ ಅರ್ಧ ಜನ ಒಂದಲ್ಲ ಒಂದು ಸಲ ನನ್ನ ಮುಂದೆಯೇ ಯಾರಿಗೋ ಕಣ್ಣು ಮುಚ್ಚಿ ಸಹಿ ಹಾಕಿದವರು.

ಹೊರಗೆ ಬಂದ ಮಂಜ ರಂಗಸ್ವಾಮಿಯನ್ನು ಮುಟ್ಟಲಿಲ್ಲ, ಬೈಯಲೂ ಇಲ್ಲ. ದಿನ ಬಿಟ್ಟು ದಿನ ಅವನ ಮನೆಯೆದುರು ಕಾರು ನಿಲ್ಲಿಸಿ, ಗಾಜು ಇಳಿಸಿ, ಸುಮ್ಮನೆ ಕೂತು ಹೋಗುತ್ತಿದ್ದ. ಅಷ್ಟು ಸಾಕು. ರಂಗಸ್ವಾಮಿ ಕೋರ್ಟಿನಲ್ಲಿ ಬಾಯಿ ಬಿಡದಿದ್ದರೆ ಕೇಸು ಅಲ್ಲಿಗೆ ಮುಗಿಯಿತು. ನೋಡಿದ ಹಮಾಲಿಗಳು ಆಗಲೇ, ನಾವು ಆ ಕಡೆ ತಿರುಗಿದ್ದೆವು ಎನ್ನಲು ಶುರು ಮಾಡಿದ್ದರು.

ಒಂದು ದಿನ ಕೋರ್ಟಿನ ಹೊಂಗೆ ಮರದ ಕೆಳಗೆ ರಂಗಸ್ವಾಮಿಯ ಹೆಂಡತಿ ಜಯಮ್ಮ ನನ್ನನ್ನು ತಡೆದು ನಿಲ್ಲಿಸಿದಳು. ನಾನು ಎದುರು ಪಕ್ಷದ ವಕೀಲರ ಗುಮಾಸ್ತ ಎಂದು ಅವಳಿಗೆ ಗೊತ್ತಿತ್ತು.

“ಅಣ್ಣಾ, ಅವನ್ನ ಬಿಟ್ಟೋರು ಯಾರು?”

ಜಡ್ಜ್ ಸಾಹೇಬರು ಬಿಟ್ಟಿದ್ದಾರೆ, ನಮ್ಮ ಕೈಯಲ್ಲಿ ಏನಿದೆ ತಾಯಿ ಎಂದೆ.

“ಜಡ್ಜಿಗೆ ಅವನ ಮುಖ ಗೊತ್ತಿಲ್ಲ ಕಣಣ್ಣ. ಎಲ್ಲಿಂದಲೋ ಬಂದವ್ರೆ, ಕಾಗದ ನೋಡಿ ಬಿಟ್ಟವ್ರೆ. ಮುಖ ಗೊತ್ತಿರೋರು ಯಾರು ಸೈ ಹಾಕಿದ್ರು, ಅದನ್ನ ಹೇಳು.”

ಕೇಸು ಕೂಗುತ್ತಾರೆ ಎಂದು ಒಳಗೆ ಹೋದೆ. ಆದರೆ ಜೀವಮಾನವೆಲ್ಲ ಚೌಕಾಸಿ ಮಾಡಿದವನಿಗೆ, ತನ್ನ ಮುಂದೆ ಇಟ್ಟದ್ದು ಸರಿಯಾದ ಬೆಲೆ ಎಂದು ಗೊತ್ತಾಗದೆ ಇರುತ್ತದೆಯೇ?

ವಿಷಯ ಹೀಗಿತ್ತು. ಎರಡನೇ ಕೇಸಿಗೆ ಜಾಮೀನು ನಿಂತವರು ಸೋದರಮಾವನ ಕಡೆಯ ದೂರದೂರಿನವರು, ಅವರನ್ನು ಅಲುಗಿಸಲು ಆಗುತ್ತಿರಲಿಲ್ಲ. ಆದರೆ ಮೊದಲನೇ ಕೇಸು ಇನ್ನೂ ಜೀವಂತವಾಗಿತ್ತು, ಅದರ ಮುಚ್ಚಳಿಕೆಯಲ್ಲಿ ಗಂಗಾಧರಪ್ಪನ ಸಹಿಯಿತ್ತು. ಜಾಮೀನುದಾರ ಯಾವಾಗ ಬೇಕಾದರೂ ಕೋರ್ಟಿಗೆ ಬಂದು, ‘ನನಗಿನ್ನು ಈ ಜವಾಬ್ದಾರಿ ಬೇಡ’ ಎಂದು ಅರ್ಜಿ ಕೊಡಬಹುದು. ಕೊಟ್ಟರೆ ಕೋರ್ಟು ಆರೋಪಿಯನ್ನು ಕರೆಸಿ, ಬೇರೆ ಜಾಮೀನುದಾರನನ್ನು ತಾ ಎನ್ನುತ್ತದೆ. ತರದಿದ್ದರೆ ಅವನು ಒಳಗೆ. ಈ ದಾರಿ ಇರುವುದು ಸಹಿ ಹಾಕಿದವರಲ್ಲಿ ನೂರಕ್ಕೆ ಒಬ್ಬನಿಗೂ ಗೊತ್ತಿಲ್ಲ, ಗೊತ್ತಿದ್ದವನು ಮರ್ಯಾದೆಗೆ ಅಂಜಿ ಆ ಕಡೆ ಹೋಗುವುದಿಲ್ಲ.

ಗಂಗಾಧರಪ್ಪ ಗೋದಾಮಿನಲ್ಲಿ ಕೊಬ್ಬರಿ ಆರಿಸಿ ವಿಂಗಡ ಮಾಡಿಸುತ್ತಿದ್ದ. ಈ ದಾರಿಯನ್ನು ಹೇಳಿದೆ. ಅವನು ಕೈಯಲ್ಲಿದ್ದ ಕೊಬ್ಬರಿ ಗಿಟುಕನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ರಾಶಿಗೆ ಹಾಕಿದ.

“ಅವರಪ್ಪ ನಮ್ಮಪ್ಪನಿಗೆ ಹೆಗಲು ಕೊಟ್ಟೋನು ಕಣಯ್ಯ. ಅವರಪ್ಪನಿಗೆ ನಾನು ಕೊಟ್ಟೆ. ಈಗ ಮಗನ್ನ ನಾನೇ ಜೈಲಿಗೆ ನೂಕ್ಲಾ? ಎಲೆ ಮುಂದೆ ಕೂತೋನನ್ನ ಎಬ್ಬಿಸಿದಂಗೆ ಅದು. ಬುಡು ಆ ಮಾತ.”

ನಾನು ಬಿಟ್ಟೆ. ಒತ್ತಿದರೆ ಸರಕು ಕೈ ತಪ್ಪುತ್ತದೆ. ರಂಗಸ್ವಾಮಿಯನ್ನು ನೋಡಿಕೊಂಡು ಬರೋಣ, ನಿನ್ನ ಮಾಲು ಎಷ್ಟು ವರ್ಷ ಹೊತ್ತಿದ್ದಾನೆ, ಒಂದು ಸಲವೂ ಹೋಗಿಲ್ಲ ನೀನು ಎಂದೆ. ಅದಕ್ಕೆ ಅವನು ಇಲ್ಲವೆನ್ನಲಾಗಲಿಲ್ಲ.

ರಂಗಸ್ವಾಮಿ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. ಪಕ್ಕದಲ್ಲಿ ಟಾರ್ಪಾಲು ಹೊದ್ದ ಆಟೋ. ಗಂಗಾಧರಪ್ಪನನ್ನು ಕಂಡ ಕೂಡಲೇ ಅವನು ಅಭ್ಯಾಸದಂತೆ ಎದ್ದು ನಿಲ್ಲಲು ಹೋದ. ಅರ್ಧ ಎದ್ದ, ಮಂಡಿ ಮಾತು ಕೇಳಲಿಲ್ಲ, ಬಾಗಿಲ ಚೌಕಟ್ಟು ಹಿಡಿದುಕೊಂಡು ಹಾಗೇ ನಿಂತ. ಕೂತ್ಕೊಳಪ್ಪ ಎಂದು ಇಬ್ಬರೂ ಹೇಳಿದರೂ, ನಾವು ಕೂತ ಮೇಲೇ ಕೂತ. ಯಾರ ಜಾಮೀನಿನ ವಿಷಯವನ್ನೂ ಅವನು ಎತ್ತಲಿಲ್ಲ. ಗಾಡಿ ಓಡಿಸುತ್ತೀಯೇನೋ ಎಂದು ಗಂಗಾಧರಪ್ಪ ಕೇಳಿದ.

“ಎಕ್ಸಲೇಟ್ರು ಕೈಲಿದೆ ಯಜಮಾನ್ರೇ, ಬ್ರೇಕು ಕಾಲಲ್ಲಿದೆ. ಹೋಗಬೌದು. ನಿಲ್ಲಕ್ಕಾಗಲ್ಲ ಅಷ್ಟೆ,” ಎಂದು ನಕ್ಕ.

ನಾವೂ ನಕ್ಕೆವು. ಜಯಮ್ಮ ಕಾಫಿ ತಂದುಕೊಟ್ಟಳು. ಅದೇ ಹೊತ್ತಿಗೆ ಬೀದಿಯಲ್ಲಿ ಒಂದು ಕಾರು ನಿಧಾನವಾಗಿ ಬಂದು ಎದುರು ನಿಂತಿತು. ಗಾಜು ಇಳಿಯಿತು. ಒಳಗಿದ್ದ ಮಂಜ ಗಂಗಾಧರಪ್ಪನನ್ನು ಕಂಡು, ಮನೆಯ ಹಿರಿಯರಿಗೆ ಮಾಡುವಂತೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಆಮೇಲೆ ಗಾಜು ಏರಿಸಿ ಹೋದ.

ಆ ನಮಸ್ಕಾರವೇ ವ್ಯಾಪಾರ ಮುಗಿಸಿತು. ವಾಪಸು ಬಂದ ಗಂಗಾಧರಪ್ಪ ಗೋದಾಮಿನ ಬಾಗಿಲಲ್ಲಿ ನಿಂತು ಹೇಳಿದ:

“ನಾನು ಅವನ ಕಡೆಯೋನು ಅಂದ್ಕೊಂಡವ್ನೆ ಕಣೋ ಸಿದ್ದ. ಆ ಹೆಂಗಸಿನ ಕಾಫಿ ಲೋಟ ಕೈಲಿ ಹಿಡ್ಕೊಂಡು ಕೂತಿದ್ದೆ ನಾನು. ಬರ್ದಾಕು ಅರ್ಜಿಯ.”

ಬರೆಯುವುದು ನಾನಲ್ಲ. ನಮ್ಮ ಕಕ್ಷಿದಾರನ ವಿರುದ್ಧದ ಕಾಗದಕ್ಕೆ ನಮ್ಮ ಕಚೇರಿಯ ಮಸಿ ತಾಗಬಾರದು. ಕೋರ್ಟಿಗೆ ಹೊಸದಾಗಿ ಬಂದಿದ್ದ ಒಬ್ಬ ವಕೀಲೆಯ ಹತ್ತಿರ ಅವನನ್ನು ಕಳಿಸಿದೆ. ಮರುದಿನ ಅರ್ಜಿ ಕೊಡುವ ಮೊದಲೇ ಯಜಮಾನರ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀನು ಮಾಡಿದ್ದು ಸರಿ ಕಣಯ್ಯ,” ಎಂದರು. “ಆದರೆ ನನ್ನ ಹತ್ತಿರ ಬರೋ ಕಕ್ಷಿದಾರ ಕಳ್ಳನೋ ಸುಳ್ಳನೋ, ಈ ಕೋಣೆಯನ್ನ ನಂಬಿ ಬರ್ತಾನೆ. ನಂಬಿಕೆ ಹೋದ ಮೇಲೆ ನಾನು ಇಲ್ಲಿ ಏನು ಮಾರಲಿ? ಇನ್ನು ನೀನು ಇಲ್ಲಿರೋಕಾಗಲ್ಲ.”

ನಾನು ಅದನ್ನೇ ನಿರೀಕ್ಷಿಸಿದ್ದೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಬೀಗದ ಕೈ ಮೇಜಿನ ಮೇಲಿಟ್ಟೆ. ಅವರು, ಊಟ ಮಾಡಿಕೊಂಡು ಹೋಗು ಎಂದರು. ಅವರ ಮನೆಯಿಂದ ಬಂದ ಡಬ್ಬಿಯನ್ನು ಎಂದಿನಂತೆ ಇಬ್ಬರೂ ಹಂಚಿಕೊಂಡೆವು. ಮೊಸರನ್ನದ ಪಾಲು ಅವತ್ತು ನನಗೆ ಹೆಚ್ಚು ಬಂತು.

ಅರ್ಜಿಯ ಮೇಲೆ ಕೋರ್ಟು ವಾರೆಂಟು ಹೊರಡಿಸಿತು. ಮಂಜನನ್ನು ತಂದು ನಿಲ್ಲಿಸಿ, ಬೇರೆ ಜಾಮೀನುದಾರನನ್ನು ಕೊಡು ಎಂದಿತು. ಸೋದರಮಾವ ತಿಪಟೂರು ಸುತ್ತಿದ, ತುರುವೇಕೆರೆ ಸುತ್ತಿದ, ಚಿಕ್ಕನಾಯಕನಹಳ್ಳಿ ಸುತ್ತಿದ. ಏನು ಕೇಸು ಎಂದು ಕೇಳದೆ ಸಹಿ ಹಾಕುತ್ತಿದ್ದ ಅದೇ ಜನ ಈಗ ಪಹಣಿ ಸಿಕ್ಕುತ್ತಿಲ್ಲ ಎಂದರು, ಕಂದಾಯ ಬಾಕಿ ಇದೆ ಎಂದರು, ಮೊಣಕಾಲು ನೋವು ಎಂದರು. ಅವರಿಗೆಲ್ಲ ಇಲ್ಲ ಎನ್ನುವ ಆಸೆ ಇತ್ತು, ಮೊದಲು ಅನ್ನುವವನು ಒಬ್ಬ ಬೇಕಾಗಿತ್ತು. ಕೊನೆಗೆ ಎಲ್ಲಿಂದಲೋ ಒಬ್ಬ ಸಿಕ್ಕಿ ಮಂಜ ಹೊರಗೆ ಬರುವಷ್ಟರಲ್ಲಿ ರಂಗಸ್ವಾಮಿಯ ಸಾಕ್ಷಿ ಮುಗಿದಿತ್ತು.

ಆ ಸಾಕ್ಷಿಯ ದಿನ ನಾನು ಕೋರ್ಟಿನ ಹಿಂದಿನ ಬೆಂಚಿನಲ್ಲಿ, ಕೆಲಸವಿಲ್ಲದವನಂತೆ ಕೂತಿದ್ದೆ. ರಂಗಸ್ವಾಮಿ ಕಟಕಟೆಯ ಹತ್ತಿರ ಬಂದಾಗ ಅವನಿಗೆ ಕುರ್ಚಿ ಕೊಡಿಸಬೇಕೆಂದು ಕೇಳಿದವರು ಸರ್ಕಾರಿ ವಕೀಲರಲ್ಲ, ನನ್ನ ಯಜಮಾನರು. ಕೊಡಿಸಿ, ಅವನು ಕೂತ ಮೇಲೆ, ಪಾಟೀ ಸವಾಲಿನಲ್ಲಿ ಒಂದಿಷ್ಟೂ ದಯೆ ತೋರಲಿಲ್ಲ. ಅದು ಅವರ ಧರ್ಮ. ಅವತ್ತಿನ ಜನಸಂದಣಿ, ಧೂಳು, ಹೆದರಿಕೆ, ಒಂದೊಂದನ್ನೂ ಎಳೆದು ಅವನ ಮಾತನ್ನು ಸಡಿಲ ಮಾಡುತ್ತಾ ಬಂದರು. ಆಮೇಲೆ, ಗಲಾಟೆಯಲ್ಲಿ ಹೊಡೆದವನ ಮುಖ ನೀನು ಸರಿಯಾಗಿ ನೋಡಲು ಹೇಗೆ ಸಾಧ್ಯ, ಅವನನ್ನು ಮೊದಲೇ ಬಲ್ಲೆಯಾ ಎಂಬ ಪ್ರಶ್ನೆಗೆ ಬಂದರು.

ನನ್ನ ಗಂಟಲಿಗೆ ಕೆಮ್ಮು ಬಂತು. ಬಲವಂತವಾಗಿ ನುಂಗಿಕೊಂಡೆ. ಅದರ ಉತ್ತರ ನನಗೆ ಗೊತ್ತಿತ್ತು. ಆಟೋ ಸ್ಟ್ಯಾಂಡಿನಲ್ಲಿ ಕಾಲ ಕಳೆದವರಿಗೆಲ್ಲ ಗೊತ್ತಿತ್ತು.

“ಬಲ್ಲೆ ಸ್ವಾಮಿ,” ಎಂದ ರಂಗಸ್ವಾಮಿ. “ಮೊದಲು ನಾನು ಪ್ಯಾಸೆಂಜರ್ ಆಟೋ ಓಡುಸ್ತಿದ್ದೆ. ಆ ಮಗೀನ ಇಸ್ಕೂಲಿಗೆ ಬಿಟ್ಟು ಬತ್ತಿದ್ದೋನು ನಾನೇಯ. ಶೂ ಲಾಡಿ ಕಟ್ಟಿ ಇಳುಸ್ತಿದ್ದೆ.”

ಯಜಮಾನರು ಅಭ್ಯಾಸಬಲದಿಂದ ಎಡಗಡೆಗೆ, ಅರ್ಧ ಹೆಜ್ಜೆ ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಒಂದು ಗಳಿಗೆ ಹಾಗೇ ನೋಡುತ್ತಿದ್ದು, ಮತ್ತೆ ಜಡ್ಜರ ಕಡೆ ತಿರುಗಿ, ಇನ್ನು ಪ್ರಶ್ನೆಗಳಿಲ್ಲ ಎಂದು ಕೂತುಬಿಟ್ಟರು.

ಮಂಜನಿಗೆ ಶಿಕ್ಷೆಯಾಯಿತು. ಮೇಲಿನ ಕೋರ್ಟಿಗೆ ಅಪೀಲು ಹೋಗಿದೆ, ಅಲ್ಲಿ ಮತ್ತೆ ಜಾಮೀನಾಗಿದೆ. ಹೋಟೆಲಿನಲ್ಲಿ ಮತ್ತೆ ಕಾನೂನು ಸತ್ತಿದೆ ಎನ್ನುತ್ತಾರೆ. ರಂಗಸ್ವಾಮಿ ಈಗ ಯಾರ್ಡಿನ ಗೇಟಿನಲ್ಲಿ ಕೂತು ಗಾಡಿಗಳಿಗೆ ಚೀಟಿ ಕೊಡುತ್ತಾನೆ. ಆ ಕಾರು ಅವನ ಬೀದಿಗೆ ಬರುವುದಿಲ್ಲ. ಗಂಗಾಧರಪ್ಪನನ್ನು ಶಿವಲಿಂಗಪ್ಪನವರ ಮನೆಯ ಕಾರ್ಯಗಳಿಗೆ ಕರೆಯುವುದಿಲ್ಲ. ಅವನು ಅದನ್ನು ಹೇಳಿಕೊಳ್ಳುವುದೂ ಇಲ್ಲ. ನಾನು ಆಮೇಲೆ ಮೂರ್ನಾಲ್ಕು ವಕೀಲರ ಬಳಿ ಕೆಲಸ ಮಾಡಿದೆ. ಎಲ್ಲರೂ ಒಳ್ಳೆಯವರೇ. ಯಾರ ಎಡಗಡೆಯೂ ನನಗೆ ಹೊಂದಲಿಲ್ಲ. ಯಜಮಾನರು ವಕೀಲಿಕೆ ಬಿಟ್ಟು ಹಾಸನದಲ್ಲಿ ಮಗಳ ಮನೆಯಲ್ಲಿದ್ದಾರೆ. ಹಬ್ಬಕ್ಕೆ ಫೋನು ಮಾಡುತ್ತೇನೆ. ಕೊಬ್ಬರಿ ರೇಟು ಕೇಳುತ್ತಾರೆ, ಹೇಳುತ್ತೇನೆ. ಇಬ್ಬರಿಗೂ ಫೋನು ಇಡಲು ಮನಸ್ಸು ಬರುವುದಿಲ್ಲ, ಬೇರೆ ಮಾತೂ ಬರುವುದಿಲ್ಲ.

ಈಗ ನಿಮಗೆ ಹೇಳುವುದು. ಜಾಮೀನಿಗೆ ಬಂದವನು ಬೇಡವೆಂದರೂ ಮುಚ್ಚಳಿಕೆಯನ್ನು ಗಟ್ಟಿಯಾಗಿ ಓದಿ ಹೇಳಿ, ಕೋಪ ಬಂದರೆ ಬರಲಿ. ಯಾರ ಮೇಲೆ ಏನು ಕೇಸು, ಪೆಟ್ಟು ತಿಂದವರು ಯಾರು, ಅವರ ಮನೆ ಎಲ್ಲಿ, ಇಷ್ಟನ್ನು ಸಹಿಗೆ ಮೊದಲು ಹೇಳಿ. ಹಿಂದೆ ಸರಿಯುವ ದಾರಿಯನ್ನೂ ಅವತ್ತೇ ಹೇಳಿಬಿಡಿ, ನಿಮ್ಮ ವಕೀಲರ ಎದುರಿಗೇ ಹೇಳಿ. ಮೊದಲ ದಿನ ಹೇಳಿದರೆ ಅದು ತಿಳಿವಳಿಕೆ, ಆಮೇಲೆ ಹೇಳಿದರೆ ದ್ರೋಹ. ಹೀಗೆ ಮಾಡಿದರೆ ಒಬ್ಬಿಬ್ಬರು ಜಾಮೀನುದಾರರು ಎದ್ದು ಹೋಗುತ್ತಾರೆ, ಹೋಗಲಿ. ನಿಮ್ಮ ಕುರ್ಚಿ ಉಳಿಯುತ್ತದೆ. ನಿಮ್ಮ ಯಜಮಾನರು ತಿರುಗಿ ನೋಡಿದಾಗ ಅಲ್ಲಿ ನೀವು ಇರುತ್ತೀರಿ.